ಹಿಂದಕ್ಕೆ ಸರಿಯದ ಡಿಫೆನ್ಸ್: ಕೋಚ್ ಆದ ಮೇಲಿನ ನನ್ನ ಅನುಭವ

ನಾನು ಐಸ್ ಹಾಕಿ ಕೋಚ್. ಎದುರಾಳಿ ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಹೊತ್ತು ಬರುವಾಗ ನನ್ನ ತಂಡದ ಡಿಫೆನ್ಸ್‌ಮನ್‌ಗಳು ಹಿಮ್ಮುಖವಾಗಿ ಸ್ಕೇಟ್ ಮಾಡುವುದು ಈಗ ಅಪರೂಪ. ಮುಮ್ಮುಖವಾಗಿಯೇ ರಿಂಕಿಗೆ ಅಡ್ಡಲಾಗಿ ಸಾಗಿ, ಪಕ್ ಹೊತ್ತವನ ಒಳಭುಜಕ್ಕೆ ಸೇರಿಕೊಂಡು, ಅವನನ್ನು ರಿಂಕಿನ ಸುತ್ತಲಿನ ಗೋಡೆಯ, ಅಂದರೆ ಬೋರ್ಡಿನ ಕಡೆಗೆ ಒತ್ತುತ್ತಾ ನಮ್ಮ ವಲಯ ಶುರುವಾಗುವ ಬ್ಲೂಲೈನ್ ಬರುವ ಮೊದಲೇ ಕೆಲಸ ಮುಗಿಸುತ್ತಾರೆ. ಇದನ್ನು ಸರ್ಫಿಂಗ್ ಎಂದು ಕರೆಯುತ್ತಾರೆ; ಕಂಡುಹಿಡಿದವನು ನಾನಲ್ಲ. ಆದರೆ ಜೂನಿಯರ್ ಮಟ್ಟದಲ್ಲಿ, ಅಷ್ಟೇನೂ ಚುರುಕಿಲ್ಲದ ಹುಡುಗರನ್ನು ಇಟ್ಟುಕೊಂಡು, ಆರೂ ಡಿಫೆನ್ಸ್‌ಮನ್‌ಗಳಿಂದ ಋತುವಿಡೀ ಇದನ್ನೇ ಆಡಿಸಿ ಗೆದ್ದವರು ನನ್ನ ಸುತ್ತಮುತ್ತ ಯಾರೂ ಇರಲಿಲ್ಲ. ‘ಇದು ವೇಗದ ಕಾಲಿದ್ದವರಿಗೆ ಮಾತ್ರ’ ಎಂದು ತಲೆಯಾಡಿಸಿದವರೇ ಈಗ ನನ್ನ ಅಭ್ಯಾಸದ ವಿಡಿಯೊ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ. ಗ್ಯಾಪ್ ಎಂದರೆ ಡಿಫೆನ್ಸ್‌ಮನ್‌ಗೂ ಪಕ್ ಹೊತ್ತವನಿಗೂ ನಡುವಿನ ಅಂತರ, ಪಿವಟ್ ಎಂದರೆ ಹಿಮ್ಮುಖದಿಂದ ಮುಮ್ಮುಖಕ್ಕೆ ತಿರುಗುವುದು; ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಆಟಗಾರನಾಗಿ ನನ್ನ ಕಥೆ ದೊಡ್ಡದಲ್ಲ. ವೃತ್ತಿಪರ ತಂಡಗಳು ಯುವಕರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಜೂನಿಯರ್ ಮುಗಿಸಿ ಅಮೆರಿಕದ ಮೂರನೆಯ ಹಂತದ ವೃತ್ತಿಪರ ಲೀಗಿಗೆ ಹೋದೆ. ವಾರಕ್ಕೆ ನಾನೂರು ಡಾಲರಿನ ಆಸುಪಾಸು ಸಂಬಳ. ವಾಸಕ್ಕೆ ತಂಡದ ಫ್ಲಾಟು, ಅದರಲ್ಲಿ ಮೂವರು. ನಡುನಡುವೆ ಒಂದು ಹಂತ ಮೇಲಿನ ಲೀಗಾದ ಎಎಚ್‌ಎಲ್‌ನ ತಂಡದಲ್ಲಿ ಯಾರಾದರೂ ಗಾಯಗೊಂಡರೆ ಟ್ರೈಔಟ್ ಒಪ್ಪಂದದ ಮೇಲೆ ಕರೆಸಿಕೊಳ್ಳುತ್ತಿದ್ದರು. ಆ ವಾರಗಳಲ್ಲಿ ಸಂಬಳ ಮೂರು ಪಟ್ಟಿಗೂ ಮೇಲೆ, ಮಂಜಿನ ಮೇಲೆ ಇಳಿಯುವುದು ಮಾತ್ರ ನಾಲ್ಕಾರು ನಿಮಿಷ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಸ್ಥಿತಿ. ಗಾಯಾಳು ಚೇತರಿಸಿಕೊಂಡ ಮರುದಿನವೇ ನಾನು ಮತ್ತೆ ಕೆಳಗಿನ ಲೀಗಿನ ಬಸ್ಸಿನಲ್ಲಿರುತ್ತಿದ್ದೆ.

ನನ್ನ ಹೊಟ್ಟೆಪಾಡು ನಡೆದದ್ದು ಸ್ಟಿಕ್ಕಿನಿಂದ, ಕಾಲಿನಿಂದಲ್ಲ. ಯಾರಾದರೂ ನನ್ನನ್ನು ದಾಟಿದರೆ ಅವನ ಸೊಂಟಕ್ಕೆ ಸ್ಟಿಕ್ ಸಿಕ್ಕಿಸಿ ಒಂದೆರಡು ಹೆಜ್ಜೆ ಹಿಂದಕ್ಕೆ ಎಳೆಯುತ್ತಿದ್ದೆ; ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು, ರೆಫರಿಗಳೂ ನೋಡಿ ಸುಮ್ಮನಿರುತ್ತಿದ್ದರು. 2005-06ರಲ್ಲಿ ಎಲ್ಲಕ್ಕೂ ಮೇಲಿನ ಲೀಗಾದ ಎನ್‌ಎಚ್‌ಎಲ್‌ನ ನಿಯಮ ಬದಲಾಯಿತು. ಎರಡು ಗೆರೆ ದಾಟುವ ಪಾಸಿಗೆ ಇದ್ದ ತಡೆ ಹೋಯಿತು, ಹೀಗೆ ಸ್ಟಿಕ್ ಸಿಕ್ಕಿಸಿ ಎಳೆಯುವ ಹುಕ್ಕಿಂಗ್‌ಗೆ ಕಣ್ಣುಮುಚ್ಚುವುದು ನಿಂತಿತು, ಎರಡು ಬ್ಲೂಲೈನ್‌ಗಳ ನಡುವಿನ ನ್ಯೂಟ್ರಲ್ ಝೋನ್ 54 ಅಡಿಯಿಂದ 50ಕ್ಕೆ ಇಳಿಯಿತು. ಕೆಳಗಿನ ಲೀಗುಗಳೂ ಅದೇ ದಾರಿ ಹಿಡಿದವು. ಒಂದೇ ಬೇಸಿಗೆಯಲ್ಲಿ ನಾನು ನಿಧಾನದವನಾದೆ. ಕಾಲು ಅದೇ, ನಿಯಮ ಬೇರೆ.

ಹುಕ್ಕಿಂಗ್ ಇಲ್ಲದೆ ವೇಗದ ಫಾರ್ವರ್ಡನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆಗಿನಿಂದಲೇ. ಉದ್ದದ ಪಾಸು ಹಿಡಿದು ಪೂರ್ಣ ವೇಗದಲ್ಲಿ ಬರುವ ಫಾರ್ವರ್ಡ್ ಎದುರು ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಿರುವವನಿಗೆ ಇರುವುದು ಎರಡೇ ದಾರಿ: ಜಾಗ ಬಿಟ್ಟುಕೊಟ್ಟು ಬ್ಲೂಲೈನ್ ಒಪ್ಪಿಸುವುದು, ಇಲ್ಲವೇ ಪಿವಟ್ ಮಾಡಿ ಓಡುವುದು. ಚೆನ್ನಾಗಿ ಆಡುವ ಫಾರ್ವರ್ಡ್ ಕಾಯುವುದೇ ಆ ಪಿವಟ್‌ಗೆ. ಸೊಂಟ ತಿರುಗುವ ಆ ಅರೆಕ್ಷಣದಲ್ಲಿ ಡಿಫೆನ್ಸ್‌ಮನ್ ಮರದ ಕಂಬ. ಹೊಂದಾಣಿಕೆಯ ಗ್ಯಾಪ್, ಒಂದು ಸ್ಟಿಕ್ ಅಂತರ ಎಂದು ನಾವು ಕಲಿತ ಪಾಠವೆಲ್ಲ ಹುಕ್ಕಿಂಗ್ ಎಂಬ ಊರುಗೋಲು ಇದ್ದ ಕಾಲದ್ದು. ಊರುಗೋಲು ಕಿತ್ತುಕೊಂಡ ಮೇಲೂ ಪಾಠ ಬದಲಾಗಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಕೊನೆಯ ಎರಡು ವರ್ಷ ಜರ್ಮನಿಯ ಎರಡನೆಯ ಹಂತದಲ್ಲಿ ಆಡಿದೆ. ಅಲ್ಲಿ ನನ್ನ ಜೋಡಿ ಡಿಫೆನ್ಸ್‌ಮನ್ ಹಿಮ್ಮುಖ ಸ್ಕೇಟಿಂಗ್‌ನಲ್ಲಿ ನನಗಿಂತಲೂ ಕಡೆ. ಅದನ್ನು ಮುಚ್ಚಿಕೊಳ್ಳಲು ಎದುರಾಳಿ ತನ್ನ ವಲಯದಿಂದ ಹೊರಬರುವ ಮುಂಚೆಯೇ ಅಡ್ಡಲಾಗಿ ಮುನ್ನುಗ್ಗಿ ಬದಿಯಿಂದ ಹಿಡಿಯುತ್ತಿದ್ದ. ಹಸುವನ್ನು ಕೊಟ್ಟಿಗೆಗೆ ಅಟ್ಟುವವನು ಅದರ ಎದುರು ನಿಂತು ಹಿಂದೆ ಹಿಂದೆ ನಡೆಯುವುದಿಲ್ಲ, ಪಕ್ಕದಲ್ಲಿ ನಡೆದು ದಾರಿ ತಿರುಗಿಸುತ್ತಾನೆ, ಇವನದೂ ಹಾಗೆಯೇ. ಕೋಚ್ ಬೈದರು, ಬೈದ ಮೇಲೂ ಅವನು ಬಿಡಲಿಲ್ಲ. ವಿಡಿಯೊ ನೋಡಿದರೆ ಅವನ ಬದಿಯಿಂದ ಪಕ್ ಹಿಡಿದು ಒಳಬಂದವರು ನನ್ನ ಬದಿಗಿಂತ ಕಡಿಮೆ. ಆಗ ನಾನು ಅದನ್ನು ಅದೃಷ್ಟ ಎಂದುಕೊಂಡೆ.

ಆಟ ಬಿಟ್ಟು ಕೆನಡಾಕ್ಕೆ ಬಂದು ಕೋಚಿಂಗ್ ಹಿಡಿದೆ. ಮೂರನೆಯ ಹಂತದ ಡಿಫೆನ್ಸ್‌ಮನ್‌ಗೆ ಮುಂದೆ ದಾರಿ ಇದೆಯೇ ಎಂದು ಕೇಳುವವರಿಗೆ ಜೇರ್ಡ್ ಬೆಡ್ನಾರ್ ಹೆಸರು ಹೇಳುತ್ತೇನೆ. ಮೂರನೆಯ ಹಂತದ ಲೀಗಾದ ಇಸಿಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ಬೋರ್ಡಿಗೆ ಅಪ್ಪಳಿಸಿಕೊಂಡು ಆಡಿದ ಡಿಫೆನ್ಸ್‌ಮನ್. ಕೋಚ್ ಆಗಿ 2009ರಲ್ಲಿ ಸೌತ್ ಕ್ಯಾರೊಲಿನಾಗೆ ಇಸಿಎಚ್‌ಎಲ್‌ನ ಕೆಲ್ಲಿ ಕಪ್, 2016ರಲ್ಲಿ ಲೇಕ್ ಈರಿಗೆ ಎಎಚ್‌ಎಲ್‌ನ ಕಾಲ್ಡರ್ ಕಪ್, 2022ರಲ್ಲಿ ಕೊಲರಾಡೊಗೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟರು. ಮೂರೂ ಹಂತದಲ್ಲಿ ಗೆದ್ದ ಮೊದಲ ಕೋಚ್ ಅವರು. ನನ್ನ ಮೊದಲ ಕೆಲಸ ಅಷ್ಟು ಎತ್ತರದ್ದಲ್ಲ: ಒಂದು ಜೂನಿಯರ್ ತಂಡದ ಸಹಾಯಕ ಕೋಚ್, ಋತುವಿಗೆ ಹದಿನೆಂಟು ಸಾವಿರ ಡಾಲರಿನಷ್ಟು, ವಿಡಿಯೊ ಕತ್ತರಿಸುವ ಲ್ಯಾಪ್‌ಟಾಪ್ ನನ್ನದೇ. ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ.

ಸಂಬಳ ಸಾಲದೆ ಬೇಸಿಗೆಯಲ್ಲಿ ಡಿಫೆನ್ಸ್‌ಮನ್‌ಗಳಿಗೆಂದೇ ಶಿಬಿರ ನಡೆಸಿದೆ. ಅಲ್ಲಿ ಕೈ ಸುಟ್ಟುಕೊಂಡ ಲೆಕ್ಕ ಹೇಳಬೇಕು. ಗಂಟೆಗೆ ಇನ್ನೂರೈವತ್ತರಿಂದ ಮುನ್ನೂರು ಡಾಲರ್ ರಿಂಕಿನ ಬಾಡಿಗೆ. ಹದಿನೈದು ಹುಡುಗರು ಬಂದರೆ ಲಾಭ, ಹತ್ತಾದರೆ ಸರಿಸಮ. ಮೊದಲ ವಾರ ಹನ್ನೆರಡು ಮಂದಿ ಇದ್ದರು. ಎರಡನೆಯ ವಾರದಲ್ಲಿ ಒಬ್ಬ ತಂದೆ ಗಾಜಿನ ಹಿಂದಿನಿಂದ ಇಳಿದು ಬಂದು, ‘ಡಿಫೆನ್ಸ್ ಶಿಬಿರ ಎಂದು ಹಣ ಕಟ್ಟಿಸಿಕೊಂಡಿದ್ದೀರಿ, ನನ್ನ ಮಗ ಇನ್ನೂ ಒಮ್ಮೆಯೂ ಹಿಂದಕ್ಕೆ ಸ್ಕೇಟ್ ಮಾಡಿಲ್ಲ’ ಎಂದರು. ನಾನು ಉತ್ತರಿಸಿದೆ, ಉತ್ತರ ಅವರಿಗೆ ಹಿಡಿಸಲಿಲ್ಲ. ಅವರ ಹಿಂದೆಯೇ ಐದಾರು ಮಂದಿ ಹೋದರು. ಆ ಬೇಸಿಗೆ ಆರೇಳು ಸಾವಿರ ಡಾಲರ್ ನಷ್ಟ. ಮುಂದಿನ ವರ್ಷ ಅದೇ ಶಿಬಿರಕ್ಕೆ ‘ಡಿಫೆನ್ಸ್‌ಮನ್‌ಗಳಿಗೆ ವೇಗ’ ಎಂದು ಹೆಸರಿಟ್ಟೆ; ಪಾಠ ಒಂದಿಷ್ಟೂ ಬದಲಿಸಲಿಲ್ಲ, ಕಾಯುವವರ ಪಟ್ಟಿ ಬೆಳೆಯಿತು.

ತಂಡದಲ್ಲಿ ನಡೆದ ಮೊದಲ ಪ್ರಯೋಗವಂತೂ ಘೋರ. ಮುಖ್ಯ ಕೋಚ್ ಅರೆಮನಸ್ಸಿನಿಂದ ಒಪ್ಪಿದ್ದರು. ಸೆಪ್ಟೆಂಬರ್ ಪೂರ್ತಿ ಹುಡುಗರು ಉತ್ಸಾಹದಿಂದ ಮುನ್ನುಗ್ಗಿದರು. ಅಕ್ಟೋಬರ್ ಹೊತ್ತಿಗೆ ಎದುರಾಳಿಗಳಿಗೆ ಗುಟ್ಟು ತಿಳಿಯಿತು. ನಮ್ಮವನು ಅಡ್ಡ ಬರುತ್ತಿರುವುದನ್ನು ಕಂಡ ಕೂಡಲೇ ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಪಾಸು. ಜೊತೆಗಾರ ಅದೇ ಕ್ಷಣದಲ್ಲಿ ಮುನ್ನುಗ್ಗಿದ್ದರೆ ನಮ್ಮ ಗೋಲಿ (ಗೋಲ್‌ಕೀಪರ್) ಮತ್ತು ಒಬ್ಬ ಫಾರ್ವರ್ಡ್, ನಡುವೆ ಐವತ್ತು ಅರವತ್ತು ಅಡಿ ಬರಿ ಮಂಜು. ಒಂದು ಪಂದ್ಯದಲ್ಲಿ ಇಂತಹ ನಾಲ್ಕೋ ಐದೋ ಬ್ರೇಕ್‌ಅವೇ ಆದವು. ಗೋಲಿ ನನ್ನ ಜೊತೆ ಮಾತು ಬಿಟ್ಟ. ಜನವರಿಯಲ್ಲಿ ನನ್ನನ್ನು ಡಿಫೆನ್ಸ್‌ನಿಂದ ತೆಗೆದು, ಪವರ್ ಪ್ಲೇ (ಎದುರಾಳಿಗೆ ಪೆನಾಲ್ಟಿ ಬಿದ್ದು ಅವರಲ್ಲಿ ಒಬ್ಬ ಕಡಿಮೆ ಇರುವ ಹೊತ್ತು) ವಿಡಿಯೊ ನೋಡಿಕೊಳ್ಳಲು ಹಾಕಿದರು. ಋತು ಮುಗಿಯುತ್ತಲೇ ಒಪ್ಪಂದವೂ ಮುಗಿಯಿತು. ಬೀಳ್ಕೊಡುವಾಗ ಮ್ಯಾನೇಜರ್, ‘ಡಿಫೆನ್ಸ್ ಎಂದರೆ ತಾಳ್ಮೆ’ ಎಂದು ಉಪದೇಶಿಸಿದರು. ಇರಲಿ.

ಕೆಲಸವಿಲ್ಲದ ಆ ಬೇಸಿಗೆಯಲ್ಲಿ ಇಡೀ ಋತುವಿನ ವಿಡಿಯೊ ಮತ್ತೆ ನೋಡಿ, ಬ್ಲೂಲೈನ್ ದಾಟಿದ ಪ್ರತಿ ಪ್ರಯತ್ನವನ್ನೂ ಪೆನ್ಸಿಲಿನಲ್ಲಿ ಗೀಟು ಹಾಕಿ ಎಣಿಸಿದೆ. ಪಕ್ ಹೊತ್ತು ಒಳಬರುವುದಕ್ಕೂ ಒಳಗೆ ಎಸೆದು ಬೆನ್ನಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಹಾಕಿ ಅಂಕಿಅಂಶಗಳ ವಿಶ್ಲೇಷಕ ಎರಿಕ್ ಟುಲ್ಸ್ಕಿ ಮತ್ತು ಸಂಗಡಿಗರು 2013ರಲ್ಲೇ ತೋರಿಸಿದ್ದರು: ಹೊತ್ತು ಬಂದರೆ ಗೋಲಿನತ್ತ ಸಿಗುವ ಹೊಡೆತಗಳು ಎರಡು ಪಟ್ಟಿಗೂ ಹೆಚ್ಚು. ಓದಿದ್ದು ರಸಾಯನಶಾಸ್ತ್ರ ಎಂದು ಕೆಲವರು ಮೂಗು ಮುರಿದಿದ್ದ ಅದೇ ಟುಲ್ಸ್ಕಿ 2024ರಲ್ಲಿ ಎನ್‌ಎಚ್‌ಎಲ್ ತಂಡ ಕ್ಯಾರೊಲಿನಾ ಹರಿಕೇನ್ಸ್‌ನ ಜನರಲ್ ಮ್ಯಾನೇಜರ್ ಆದರು. ನನ್ನ ಗೀಟುಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಕಾಣಿಸಿತು. ನಮಗಾದ ಬ್ರೇಕ್‌ಅವೇಗಳಲ್ಲಿ ಹೆಚ್ಚಿನವು ಡಿಫೆನ್ಸ್‌ಮನ್ ಮುನ್ನುಗ್ಗಿದ್ದರಿಂದ ಆದವಲ್ಲ; ನಮ್ಮ ಮೂರನೆಯ ಫಾರ್ವರ್ಡ್ ಎದುರಾಳಿಯ ಗೋಲಿನ ಹಿಂದೆ ಪಕ್ ಹುಡುಕುತ್ತಾ ಉಳಿದುಬಿಟ್ಟಿದ್ದರಿಂದ ಆದವು.

ಅಲ್ಲಿಂದ ಬೀಗ ತೆರೆಯಿತು. ಗ್ಯಾಪ್ ಶುರುವಾಗುವುದು ನಮ್ಮ ಬ್ಲೂಲೈನಿನಲ್ಲಲ್ಲ, ಅವರ ವಲಯದಲ್ಲಿ. ಮೂರನೆಯ ಫಾರ್ವರ್ಡ್ ಅವರ ವಲಯದ ಫೇಸ್‌ಆಫ್ ಸರ್ಕಲ್‌ಗಳ (ನಿಂತ ಆಟವನ್ನು ಮತ್ತೆ ಶುರುಮಾಡುವ ವೃತ್ತಗಳ) ಮೇಲ್ತುದಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಇನ್ನೊಬ್ಬ ಮೇಲೆ ಬಂದಿರಬೇಕು. ಪಕ್ ಕೈತಪ್ಪಿದ ಕ್ಷಣ ಅವನು ರಿಂಕಿನ ನಡುವಿನಿಂದ ಹಿಂದಿರುಗಿ ಬರಬೇಕು, ಬದಿಯಿಂದಲ್ಲ. ಆಗ ಸರ್ಫ್ ಮಾಡುವವನಿಗೆ ಬೋರ್ಡು ಒಂದು ಗೋಡೆ, ಹಿಂದಿರುಗುವ ಫಾರ್ವರ್ಡ್ ಇನ್ನೊಂದು ಗೋಡೆ. ಜೋಡಿ ಡಿಫೆನ್ಸ್‌ಮನ್ ಒಂದು ಹಂತ ಹಿಂದೆ, ಎರಡು ಡಾಟ್‌ಗಳ (ಫೇಸ್‌ಆಫ್ ಚುಕ್ಕೆಗಳ) ನಡುವೆ. ಅವನು ಹಿಮ್ಮುಖವಾಗಿ ಹೋದರೂ ಸರಿಯೇ. ಇಬ್ಬರೂ ಒಟ್ಟಿಗೆ ಹೋಗುವುದು ನಿಷಿದ್ಧ. ಡಿಫೆನ್ಸ್ ಸರಿಪಡಿಸಲು ಫಾರ್ವರ್ಡ್‌ಗಳಿಗೆ ಪಾಠ ಹೇಳಬೇಕು ಎಂಬ ಮಾತನ್ನು ಸಹಾಯಕ ಕೋಚ್ ಆಡಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಸಂಬಳ ಕಡಿಮೆಯಾದರೂ ಮುಖ್ಯ ಕೋಚ್ ಹುದ್ದೆಯೇ ಬೇಕು ಎಂದು ಹಟ ಹಿಡಿದು, ಪಟ್ಟಿಯ ಕೊನೆಯಲ್ಲಿದ್ದ ಹದಿನೆಂಟರೊಳಗಿನವರ ತಂಡವೊಂದನ್ನು ವಹಿಸಿಕೊಂಡೆ.

ಯಾವಾಗ ಮುನ್ನುಗ್ಗಬೇಕು ಎನ್ನುವುದೇ ಎಲ್ಲರೂ ಕೇಳುವ ಪ್ರಶ್ನೆ. ನನ್ನ ಹುಡುಗರಿಗೆ ಮೂರು ಸೂಚನೆಗಳಿವೆ. ಪಾಸು ಪಡೆಯುವವನ ಬೆನ್ನು ನಮ್ಮ ಕಡೆಗಿದ್ದರೆ ಹೊರಡು. ಪಕ್ ಬೋರ್ಡಿಗೂ ಡಾಟ್‌ಗೂ ನಡುವೆ ಇದ್ದು ಹೊತ್ತವನ ಕಣ್ಣು ಕೆಳಗಿದ್ದರೆ ಹೊರಡು. ಮೂರನೆಯದನ್ನು ಹೇಳುವುದಿಲ್ಲ, ನಮ್ಮ ವಿಭಾಗದ ಕೋಚ್‌ಗಳಲ್ಲಿ ಇಬ್ಬರಾದರೂ ಇದನ್ನು ಓದುತ್ತಾರೆ ಎಂದು ನನಗೆ ಗೊತ್ತು. ಎರಡು ಸೂಚನೆಯಿಂದಲೇ ಕೆಲಸದ ಬಹುಪಾಲು ಆಗುತ್ತದೆ.

ಅಭ್ಯಾಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಅತಿ ಸರಳವಾದದ್ದು. ಫಾರ್ವರ್ಡ್ ಗೋಲಿನ ಹಿಂದಿನಿಂದ ಪಕ್ ಹಿಡಿದು ಹೊರಡುತ್ತಾನೆ, ಡಿಫೆನ್ಸ್‌ಮನ್ ಅವನ ಎದುರಿನ ಬ್ಲೂಲೈನಿನಲ್ಲಿ, ರಿಂಕಿನ ನಡುವೆ ನಿಂತಿರುತ್ತಾನೆ. ರಿಂಕಿನ ಮಧ್ಯದ ಕೆಂಪು ಗೆರೆಗೆ ಮೊದಲು ಫಾರ್ವರ್ಡಿನ ಭುಜ ಮುಟ್ಟಬೇಕು, ಅಷ್ಟೇ. ಮೊದಲ ಎರಡು ವಾರ ಸ್ಟಿಕ್ಕನ್ನು ತಲೆಕೆಳಗಾಗಿ ಹಿಡಿಯಿಸುತ್ತೇನೆ. ಬ್ಲೇಡ್ ಕೈಯಲ್ಲಿದ್ದರೆ ಪಕ್ಕಿಗೆ ಚುಚ್ಚುವ ಆಸೆ ಹೋಗಿ ಕಾಲು ಕೆಲಸಕ್ಕೆ ಇಳಿಯುತ್ತದೆ. ಮುನ್ನೂರು ಡಾಲರಿನ ಕಾಂಪೋಸಿಟ್ ಸ್ಟಿಕ್ಕುಗಳು ಮುರಿಯುವುದೂ ಕಡಿಮೆಯಾಯಿತು ಎಂಬುದು ಪೋಷಕರು ಮೆಚ್ಚಿದ ಏಕೈಕ ಅಂಶ. ಸೋತವನಿಗೆ ಸುತ್ತು ಹೊಡೆಸುವ ಶಿಕ್ಷೆ ಇಲ್ಲ. ಶಿಕ್ಷೆ ಇದ್ದರೆ ಹುಡುಗ ಮುನ್ನುಗ್ಗಲು ಹೆದರಿ ಹಿಂದೆ ನಿಲ್ಲುತ್ತಾನೆ, ಮತ್ತೆ ಹಳೆಯ ಕಥೆ.

ನಡುವೆ ಸ್ಕೇಟಿನ ಅಲಗಿನ ಹುಚ್ಚೂ ಹಿಡಿದಿತ್ತು. ಅಡ್ಡಲಾಗಿ ಉದ್ದಕ್ಕೆ ಜಾರಬೇಕಾದವನಿಗೆ ಸಾಮಾನ್ಯವಾಗಿ ಹಾಕುವ ಅರ್ಧ ಇಂಚಿನ ಹಾಲೋ (ಅಲಗಿನ ಅಡಿಯಲ್ಲಿ ಅರೆಯುವ ಗುಳಿಯ ತ್ರಿಜ್ಯ; ಅದು ಹೆಚ್ಚಿದಷ್ಟೂ ಕಚ್ಚುವುದು ಕಡಿಮೆ) ತೀರಾ ಕಚ್ಚುತ್ತದೆ ಎಂದು ನನ್ನ ಅನುಮಾನ. ಸಾವಿರ ಡಾಲರಿನ ಆಸುಪಾಸಿನ ಅರೆಯುವ ಯಂತ್ರ ಕೊಂಡು ಆರು ಹುಡುಗರ ಸ್ಕೇಟನ್ನು ಇಂಚಿನ ಎಂಟನೇ ಐದು ಭಾಗಕ್ಕೆ (5/8), ಕೆಲವರದನ್ನು ಮುಕ್ಕಾಲು ಇಂಚಿಗೆ ಹಾಕಿದೆ. ತೂಕದ ಹುಡುಗರಿಬ್ಬರಿಗೆ ಎಂಟನೇ ಐದು ಒಗ್ಗಿತು, ಇಂದಿಗೂ ಅದನ್ನೇ ಬಳಸುತ್ತಾರೆ. ಹಗುರ ಮೈಯವರು ಮುಕ್ಕಾಲು ಇಂಚಿನಲ್ಲಿ ತಿರುವಿನಲ್ಲಿ ಜಾರಿ ಬೋರ್ಡಿಗೆ ಬಡಿದುಕೊಂಡರು. ಒಂದೇ ವಾರದಲ್ಲಿ ಹಿಂದಿನದಕ್ಕೇ ಮರಳಿದೆವು. ಸರ್ಫಿಂಗ್‌ಗೂ ಹಾಲೋಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಆದರೆ ಊರೆಲ್ಲ ಅಲೆದು ಸ್ಕೇಟ್ ಹರಿತ ಮಾಡಿಸುವ ಖರ್ಚು ಉಳಿದು ಯಂತ್ರದ ಹಣ ಎರಡು ಋತುವಿನಲ್ಲಿ ಹಿಂದಿರುಗಿತು.

ಇನ್ನೊಂದು ಉಪಪ್ರಯೋಗ ಗೋಲಿಯದು. ಹಿಂದಿನ ತಂಡದಲ್ಲಿ ಗೋಲಿಯನ್ನು ಕಳೆದುಕೊಂಡಿದ್ದ ನಾನು ಈ ಸಲ ಮೊದಲು ಅವನನ್ನೇ ಒಲಿಸಿದೆ. ಇಡೀ ರಿಂಕ್ ಮುಖಾಮುಖಿ ಕಾಣುವುದು ಅವನೊಬ್ಬನಿಗೇ. ಬೆನ್ನ ಹಿಂದೆ ಯಾರಾದರೂ ನುಸುಳುತ್ತಿದ್ದರೆ ಅವನು ಒಂದೇ ಪದ ಕೂಗುತ್ತಾನೆ, ಆ ಕ್ಷಣ ಸರ್ಫ್ ರದ್ದು. ಆ ಪದ ಯಾವುದು ಎನ್ನುವುದೂ ನಮ್ಮಲ್ಲೇ ಇರಲಿ. ನೀವು ನಿಮ್ಮದನ್ನು ಆರಿಸಿಕೊಳ್ಳಿ. ಒಂದೇ ಉಸಿರಿನಲ್ಲಿ ಕೂಗುವಂತಿರಬೇಕು, ಎದುರಾಳಿ ಬಳಸುವ ಕೂಗಿಗೆ ಹೋಲಬಾರದು. ಮೊದಲ ತಿಂಗಳು ಗೋಲಿ ಪ್ರತಿ ಸಲವೂ ಕೂಗುತ್ತಿದ್ದ, ಯಾರೂ ಮುನ್ನುಗ್ಗಲೇ ಇಲ್ಲ! ವಿಡಿಯೊದಲ್ಲಿ ಅವನ ಕೂಗು ಎಷ್ಟು ಸಲ ಅನಗತ್ಯವಾಗಿತ್ತು ಎಂದು ತೋರಿಸಿದ ಮೇಲೆ ಹದಕ್ಕೆ ಬಂತು.

ಅಗಲದ ರಿಂಕಿನಲ್ಲಿ ಇದನ್ನು ಹಾಗೆಯೇ ನಕಲು ಮಾಡಬೇಡಿ. ಉತ್ತರ ಅಮೆರಿಕದ 85 ಅಡಿ ಅಗಲದಲ್ಲಿ ಡಾಟ್‌ನಿಂದ ಬೋರ್ಡಿಗೆ ಇಪ್ಪತ್ತು ಅಡಿ ಚಿಲ್ಲರೆ. ಯೂರೋಪಿನ 30 ಮೀಟರ್ ಅಗಲದಲ್ಲಿ ಅದೇ ಜಾಗ 26 ಅಡಿಯಷ್ಟಾಗುತ್ತದೆ. ಬೇಸಿಗೆಯಲ್ಲೊಮ್ಮೆ ಹುಡುಗರನ್ನು ಅಲ್ಲಿನ ಟೂರ್ನಿಗೆ ಕರೆದೊಯ್ದಿದ್ದೆ. ತಲೆಗೆ ಎರಡೂವರೆ ಸಾವಿರ ಡಾಲರಿನಷ್ಟು ಖರ್ಚು, ಅರ್ಧ ಪ್ರಾಯೋಜಕರದು. ಅಲ್ಲಿ ಫಾರ್ವರ್ಡ್‌ಗಳು ನಮ್ಮವನು ಹತ್ತಿರ ಬಂದ ಕೂಡಲೇ ಬ್ರೇಕ್ ಹಾಕಿ ಒಳಕ್ಕೆ ತಿರುಗುತ್ತಿದ್ದರು; ನಮ್ಮವನು ವೇಗದಲ್ಲಿ ಬೋರ್ಡಿನ ಕಡೆಗೆ ಹಾರಿಹೋಗುತ್ತಿದ್ದ. ಮೊದಲ ಎರಡು ಪಂದ್ಯದಲ್ಲಿ ಚೆನ್ನಾಗಿ ಒದೆ ತಿಂದೆವು. ಮೂರನೆಯದರಿಂದ ಹೊರಡುವ ಜಾಗವನ್ನೇ ಡಾಟ್‌ನ ಹೊರಕ್ಕೆ ಸರಿಸಿ, ಮುಟ್ಟುವ ಗುರಿಯನ್ನು ಕೆಂಪು ಗೆರೆಯಿಂದ ನಮ್ಮ ಬ್ಲೂಲೈನಿಗೆ ತಂದೆ. ಉಸಿರಾಡುವಷ್ಟಾಯಿತು, ಗೆಲ್ಲುವಷ್ಟಲ್ಲ. ಜರ್ಮನಿಯ ನನ್ನ ಹಳೆಯ ಜೋಡಿ ಆ ಅಗಲದಲ್ಲಿ ಹೇಗೆ ನಿಭಾಯಿಸುತ್ತಿದ್ದ ಎನ್ನುವುದು ನನಗೆ ಈಗಲೂ ಸೋಜಿಗ. 2022ರ ಬೀಜಿಂಗ್ ಒಲಿಂಪಿಕ್ಸ್ 26 ಮೀಟರಿನ ಕಿರಿದಾದ ರಿಂಕಿನಲ್ಲಿ ನಡೆಯಿತು. ಗಾಳಿ ಬೀಸುತ್ತಿರುವ ದಿಕ್ಕು ನನಗೆ ಅನುಕೂಲವೇ.

ಇನ್ನು ಫಲಿತಾಂಶ. ಕೋಚ್ ಲಾರಿ ರಾಬಿನ್ಸನ್ 2000ದಲ್ಲಿ ಲೀಗ್ ಹಂತದ ಎಂಟು ಪಂದ್ಯ ಬಾಕಿ ಇರುವಾಗ ನ್ಯೂಜೆರ್ಸಿ ತಂಡದ ಹೊಣೆ ಹೊತ್ತು ಆ ವರ್ಷವೇ ಸ್ಟ್ಯಾನ್ಲಿ ಕಪ್ ಗೆದ್ದದ್ದನ್ನು ಜನ ನೆನಪಿಸುತ್ತಿರುತ್ತಾರೆ. ನನಗೆ ಒಂದು ಪೂರ್ಣ ಋತುವೂ ಸಾಲಲಿಲ್ಲ. ಮೊದಲ ವರ್ಷ ಕೊನೆಯಿಂದ ಮೂರನೆಯ ಸ್ಥಾನ. ಎರಡನೆಯ ವರ್ಷ ಡಿಸೆಂಬರ್ ದಾಟಿದ ಮೇಲೆ ತಟ್ಟನೆ ಹಿಡಿತಕ್ಕೆ ಬಂತು. ಎದುರಾಳಿ ಪಕ್ ಹೊತ್ತೇ ಒಳಬರುತ್ತಿದ್ದದ್ದು ಹತ್ತರಲ್ಲಿ ಆರು ಸಲ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಪಂದ್ಯಕ್ಕೆ ಮೂರೂವರೆ ಗೋಲು ಬಿಟ್ಟುಕೊಡುತ್ತಿದ್ದವರು ಎರಡೂವರೆಗೆ ಬಂದೆವು. ವಿಭಾಗದಲ್ಲಿ ಎರಡನೆಯ ಸ್ಥಾನ, ಕಳೆದ ಋತುವಿನಲ್ಲಿ ಮೊದಲನೆಯದು. ನಿಧಾನ ಎಂದು ಇನ್ನೊಂದು ತಂಡ ಕೈಬಿಟ್ಟಿದ್ದ ಹುಡುಗನೊಬ್ಬ ಅಮೆರಿಕದ ಕಾಲೇಜು ಹಾಕಿಗೆ ವಿದ್ಯಾರ್ಥಿವೇತನದ ಮೇಲೆ ಹೋದ. ಅವನ ಹಿಮ್ಮುಖ ಸ್ಕೇಟಿಂಗ್ ಇಂದಿಗೂ ನೋಡಲಾಗುವುದಿಲ್ಲ.

ಎಣಿಸದೇ ಸಿಕ್ಕ ಲಾಭವೂ ಒಂದಿದೆ. ಸರ್ಫ್ ಮಾಡುತ್ತಿರುವವನ ಮುಖ ಆಗಲೇ ನಮ್ಮ ಗೋಲಿನ ಕಡೆಗಿರುತ್ತದೆ. ಫಾರ್ವರ್ಡ್ ಬೇರೆ ದಾರಿಯಿಲ್ಲದೆ ಪಕ್ಕನ್ನು ಮೂಲೆಗೆ ತಳ್ಳಿದರೆ ನಮ್ಮವನು ಪಿವಟ್ ಮಾಡಬೇಕಿಲ್ಲ. ಓಟದಲ್ಲಿ ಅವನೇ ಮುಂದೆ. ಭುಜದ ಮೇಲಿಂದ ಒಮ್ಮೆ ನೋಡಿ, ಪಕ್ ಎತ್ತಿ, ಜೊತೆಗಾರನಿಗೆ ಕೊಟ್ಟು ಹೊರಟುಬಿಡುತ್ತಾನೆ. ಹೀಗೆ ನಮ್ಮ ವಲಯದಿಂದ ಪಕ್ ಹೊರತರುವ ಬ್ರೇಕ್‌ಔಟ್ ಸುಧಾರಿಸಲು ನಾನು ಪ್ರತ್ಯೇಕವಾಗಿ ಏನೂ ಮಾಡಲಿಲ್ಲ, ಹಾಗಿದ್ದರೂ ಅದಕ್ಕೆ ನನ್ನನ್ನು ಹೊಗಳುತ್ತಾರೆ, ಹೊಗಳಿಕೆಯನ್ನು ಇಟ್ಟುಕೊಂಡಿದ್ದೇನೆ. ನಷ್ಟದ ಬಾಬ್ತಿನಲ್ಲಿ ಇಂಟರ್‌ಫಿಯರೆನ್ಸ್ (ಪಕ್ ಇಲ್ಲದವನನ್ನು ಅಡ್ಡಗಟ್ಟುವುದು) ಮತ್ತು ಟ್ರಿಪ್ಪಿಂಗ್ (ತೊಡರಿಸಿ ಬೀಳಿಸುವುದು) ಪೆನಾಲ್ಟಿಗಳು. ಪಂದ್ಯಕ್ಕೆ ಒಂದಾದರೂ ಹೆಚ್ಚುವರಿ ಬೀಳುತ್ತದೆ, ಅದಕ್ಕೆ ಮದ್ದು ಸಿಕ್ಕಿಲ್ಲ.

ಹಿಮ್ಮುಖ ಸ್ಕೇಟಿಂಗ್ ಕಲಿಸಬೇಡಿ ಎಂದು ನಾನು ಎಲ್ಲಿಯೂ ಹೇಳಿಲ್ಲ, ಹಾಗೆಂದು ಹಬ್ಬಿಸುವವರು ಇದ್ದಾರೆ. ಇಬ್ಬರ ಎದುರು ಒಬ್ಬನೇ ಸಿಕ್ಕಿಬಿದ್ದಾಗ, ಮೂವರ ಎದುರು ಇಬ್ಬರಿದ್ದು ಹಿಂದಿನಿಂದ ನೆರವು ಬಾರದಿದ್ದಾಗ ಹಿಮ್ಮುಖವೇ ಗತಿ. ವಾರಕ್ಕೆ ಒಂದು ಅಭ್ಯಾಸ ಅದಕ್ಕೇ ಮೀಸಲು.

ಮುಂದಿನ ಋತುವಿನಲ್ಲಿ ಪೆನಾಲ್ಟಿ ಕಿಲ್‌ನಲ್ಲಿಯೂ (ನಮಗೆ ಪೆನಾಲ್ಟಿ ಬಿದ್ದು ಒಬ್ಬ ಕಡಿಮೆ ಇರುವಾಗಲೂ) ಇದನ್ನು ಪ್ರಯತ್ನಿಸಬೇಕೆಂದಿದೆ. ನಾಲ್ವರೇ ಇರುವಾಗ ಒಬ್ಬ ಡಿಫೆನ್ಸ್‌ಮನ್ ಮುನ್ನುಗ್ಗುವುದು ಹುಚ್ಚು ಎಂದು ನನ್ನ ಸಹಾಯಕ ಈಗಲೇ ರಾಗ ಎಳೆಯುತ್ತಿದ್ದಾನೆ, ಗೋಲಿ ಸ್ಪಷ್ಟವಾಗಿ ಬೇಡ ಎಂದಿದ್ದಾನೆ. ಪ್ರದರ್ಶನ ಪಂದ್ಯಗಳಲ್ಲಿ ಬಲಬದಿಯಿಂದ ಮಾತ್ರ ಆಡಿಸಿ ನೋಡುತ್ತೇನೆ. ಅಕ್ಟೋಬರ್‌ನೊಳಗೆ ಹತ್ತು ಗೋಲು ತಿಂದರೆ ನಿಲ್ಲಿಸುತ್ತೇನೆ ಎಂದು ಗೋಲಿಗೆ ಬರೆದುಕೊಟ್ಟಿದ್ದೇನೆ. ಎಂಟಕ್ಕೆ ಇಳಿಸಿ ಎಂದು ಅವನು ಚೌಕಾಸಿ ಮಾಡುತ್ತಿದ್ದಾನೆ.